ಭಾವನ ಹಗ್ಗ

ಕಲ್ಲಬೆಂಗ್ರೆಯಲ್ಲಿ ಕಡಲಿಗೆ ಮುಳುಗುವವನ ಹಗ್ಗವನ್ನು ಅವನ ಅಣ್ಣ ಹಿಡಿಯುವುದಿಲ್ಲ, ತಮ್ಮ ಹಿಡಿಯುವುದಿಲ್ಲ, ಜೀವದ ಗೆಳೆಯನೂ ಹಿಡಿಯುವುದಿಲ್ಲ. ಹಿಡಿಯಬೇಕಾದವನು ಹೆಂಡತಿಯ ಅಣ್ಣ, ಇಲ್ಲವೇ ತಮ್ಮ. ಬಂಡೆಯ ಬುಡಕ್ಕೆ ಮುಳುಗಿ ಪಚ್ಚಿಲೆ ಚಿಪ್ಪು ಕಿತ್ತು ತರುತ್ತಿದ್ದ ಕಾಲದ ಕಟ್ಟಳೆ ಅದು. ಅಣ್ಣತಮ್ಮಂದಿರಿಗೆ ದೋಣಿಯ ಪಾಲಿನ ಮೇಲೆ ಕಣ್ಣಿರಬಹುದು, ಗೆಳೆಯನ ಗಮನ ಬೀಡಿಯ ಕಡೆಗೆ ಹೋಗಬಹುದು. ಹೆಂಡತಿಯ ಒಡಹುಟ್ಟಿದವನಿಗೆ ಮಾತ್ರ ಹಗ್ಗದ ಆಚೆ ತುದಿಯಲ್ಲಿ ಕಾಣುವುದು ತನ್ನ ಅಕ್ಕನ ಅಥವಾ ತಂಗಿಯ ಕರಿಮಣಿ. ಇದರಲ್ಲಿ ಪ್ರೀತಿಗಿಂತ ಅಪನಂಬಿಕೆಯೇ ಹೆಚ್ಚು ಎಂದು ಯಾರಿಗಾದರೂ ಅನ್ನಿಸಿದರೆ ಅನ್ನಿಸಲಿ. ಅಷ್ಟು ತಲೆಮಾರಿನ ಗಂಡಸರು ಮನೆಗೆ ಹಿಂದಿರುಗಿದ್ದು ಅದರಿಂದಲೇ.

ಕಟ್ಟಳೆಯ ಇನ್ನರ್ಧವೂ ಇತ್ತು. ಒಬ್ಬನ ಕೈಗೆ ಎರಡು ಹಗ್ಗ ಕೊಡಕೂಡದು.

ಹಗ್ಗದ ಭಾಷೆ ದೊಡ್ಡದೇನಲ್ಲ. ಮೇಲಿನವನು ಒಮ್ಮೆ ಎಳೆದರೆ ‘ಇದ್ದೀಯಾ’ ಎಂದು ಕೇಳಿದ ಹಾಗೆ. ಕೆಳಗಿನವನು ಎರಡು ಸಲ ಎಳೆದರೆ ‘ಇದ್ದೇನೆ’ ಎಂದ ಹಾಗೆ. ನಾಲ್ಕು ಸಲ ಎಳೆದರೆ ಎತ್ತಬೇಕು. ಆದರೆ ಬರೆಯುವ ಅಕ್ಷರದಂತೆ ಎಳೆತವೂ ಒಬ್ಬೊಬ್ಬರದು ಒಂದೊಂದು ಥರ. ಹಗ್ಗ ಹಿಡಿದು ಬೆಳೆದವರು ಕಣ್ಣು ಮುಚ್ಚಿಕೊಂಡೇ ಕೆಳಗೆ ಯಾರಿದ್ದಾರೆ ಎಂದು ಹೇಳಬಲ್ಲರು.

ಕಡಲತಳದಲ್ಲಿ ಹೆಪ್ಪುಗಟ್ಟಿರುವ ಅನಿಲವನ್ನು ತೆಗೆಯುವ ಕಂಪೆನಿ ಬಂದಾಗ ಈ ಕಟ್ಟಳೆಯನ್ನು ಕೇಳಿ ಅದರ ಅಧಿಕಾರಿಗಳು ಮೊದಲು ನಕ್ಕರು. ಆಮೇಲೆ ಯೋಚಿಸಿ ಭಾವ-ಭಾವಮೈದುನರ ಜೋಡಿಗಳನ್ನೇ ಕೆಲಸಕ್ಕೆ ತೆಗೆದುಕೊಂಡರು. ಭಾವ ನೀರಿಗೆ, ಭಾವಮೈದುನ ಹಡಗಿನ ನಿಯಂತ್ರಣ ಕೋಣೆಗೆ. ಹಗ್ಗದ ಬದಲು ಅವನ ಮುಂದೆ ಮೈಕು, ಒಂದಷ್ಟು ಗುಂಡಿಗಳು. ಸಂಬಳ ಕೊಟ್ಟು ಕೊಳ್ಳಲಾಗದ ಎಚ್ಚರವನ್ನು ಕಂಪೆನಿ ಹೀಗೆ ಪುಕ್ಕಟೆಯಾಗಿ ಪಡೆಯಿತು.

ಯಶವಂತ ಶ್ರೀಯಾನ್ ಮತ್ತು ಅವನ ಅಕ್ಕ ಗುಲಾಬಿಯ ಗಂಡ ವಾಮನ ಮೆಂಡನ್ ಅಂಥ ಒಂದು ಜೋಡಿ. ತಾಯಿಯಿಲ್ಲದ ಯಶವಂತನನ್ನು ಎತ್ತಿ ಆಡಿಸಿ, ಉಣಿಸಿ, ಬೈದು ದೊಡ್ಡವನನ್ನಾಗಿ ಮಾಡಿದವಳು ಗುಲಾಬಿ. ಅವಳಿಗೋಸ್ಕರ ಅವನು ಏನು ಬೇಕಾದರೂ ಮಾಡಿಯಾನು ಎಂದು ಊರಿನವರು ಹೇಳುತ್ತಿದ್ದರು. ಅದು ಎಷ್ಟು ನಿಜ ಎಂದು ಗೊತ್ತಿದ್ದದ್ದು ಅವನೊಬ್ಬನಿಗೆ.

*

ಐನೂರು ಮೀಟರ್ ಆಳದಲ್ಲಿ ನೀರು ಮೈಯನ್ನು ದಡದ ಗಾಳಿಗಿಂತ ಐವತ್ತು ಪಟ್ಟು ಒತ್ತುತ್ತದೆ. ಅಲ್ಲಿ ಉಸಿರಾಡಿದ ಅನಿಲ ರಕ್ತದಲ್ಲಿ, ಕೊಬ್ಬಿನಲ್ಲಿ, ಮೂಳೆಯ ಒಳಗೆಲ್ಲ ಕರಗಿ ಕೂರುತ್ತದೆ. ಗಡಿಬಿಡಿಯಲ್ಲಿ ಮೇಲೆ ತಂದರೆ ಮುಚ್ಚಳ ತೆಗೆದ ಸೋಡಾದಂತೆ ಮೈಯೆಲ್ಲ ನೊರೆ ಏಳುತ್ತದೆ. ಆದ್ದರಿಂದ ದಿನವೂ ಇಳಿದು ಹತ್ತುವ ಮಾತಿಲ್ಲ. ಹಡಗಿನ ಮೇಲೆಯೇ ಒಂದು ಉಕ್ಕಿನ ಕೋಣೆ, ಒಳಗೆ ಕಡಲತಳದಷ್ಟೇ ಒತ್ತಡ. ಮುಳುಗುಗಾರರು ಅಲ್ಲೇ ಇಪ್ಪತ್ತೆಂಟು ದಿನ ಉಂಡು ಮಲಗುತ್ತಾರೆ. ಕೆಲಸದ ಹೊತ್ತಿಗೆ ಬೆಲ್ ಎಂದು ಕರೆಯುವ ಉಕ್ಕಿನ ಗೋಳ ಅವರನ್ನು ತಳಕ್ಕೆ ಇಳಿಸಿ ಮತ್ತೆ ಕೋಣೆಗೆ ತರುತ್ತದೆ. ಕೊನೆಗೆ ಒತ್ತಡವನ್ನು ಇಷ್ಟಿಷ್ಟೇ ಬಿಡುತ್ತ ಅವರನ್ನು ಹೊರಗೆ ತರಲು ಹದಿನೆಂಟು ದಿನ ಬೇಕು. ಆ ಕೋಣೆಗೆ ಕೆಲಸದವರು ಇಟ್ಟ ಹೆಸರು ಡಬ್ಬಿ.

ಡಬ್ಬಿಯೊಳಗೆ ಉಸಿರಾಡುವುದು ಹೀಲಿಯಂ ಬೆರೆಸಿದ ಗಾಳಿ. ಮಾತು ಬಾತುಕೋಳಿಯ ದನಿಯಾಗುತ್ತದೆ, ಅದನ್ನು ತಿದ್ದಿ ಕೇಳಿಸಲು ಯಂತ್ರವಿದೆ. ಆದರೆ ಮುನ್ನೂರು ಮೀಟರ್ ದಾಟಿದರೆ ನರಗಳು ಕೇಳುವುದಿಲ್ಲ, ಕೈ ನಡುಗಿ ಒಂದು ನಟ್ಟನ್ನೂ ಬಿಗಿಯಲಾಗದು. ಅದಕ್ಕೆ ಕಂಪೆನಿ ಕೊಟ್ಟ ಚುಚ್ಚುಮದ್ದಿನ ಹೆಸರು ಸ್ಥಿರ. ಸ್ಥಿರ ಕೈಯನ್ನು ನಿಲ್ಲಿಸಿತು. ಜೊತೆಗೆ ನೆನಪನ್ನು ಸೀಳಿತು. ಒತ್ತಡದಲ್ಲಿ ಮೂಡಿದ ನೆನಪು ಒತ್ತಡದಲ್ಲಿ ಮಾತ್ರ ತೆರೆಯುತ್ತದೆ, ದಡದಲ್ಲಿ ಮೂಡಿದ್ದು ದಡದಲ್ಲಿ ಮಾತ್ರ. ಮೇಲೆ ಬಂದವನಿಗೆ ತಳದ ಒಂದು ದಿನವೂ ಜ್ಞಾಪಕವಿರುವುದಿಲ್ಲ. ಕೆಳಗಿಳಿದವನಿಗೆ ಹೆಂಡತಿಯ ಮುಖ ಇಲ್ಲ. ಒಂದೇ ಮೈಯಲ್ಲಿ ಇಬ್ಬರು ವಾಮನರು, ಒಬ್ಬರಿಗೊಬ್ಬರ ಪರಿಚಯವಿಲ್ಲ. ಇಬ್ಬರನ್ನೂ ಬಲ್ಲವನು ಮೈಕಿನ ಮುಂದೆ ಕುಳಿತ ಯಶವಂತ.

ಒಪ್ಪಂದಕ್ಕೆ ಸಹಿ ಹಾಕಿದ್ದು ಮೇಲಿನ ವಾಮನ. ಅವಧಿ ವಿಸ್ತರಿಸಬೇಕಾದರೆ ಕೆಳಗಿನ ವಾಮನ ಬಾಯಿಂದ ಹೂಂ ಎಂದರೆ ಸಾಕು ಎಂದು ಅದೇ ಒಪ್ಪಂದದ ಹನ್ನೊಂದನೆಯ ಪುಟದಲ್ಲಿತ್ತು. ಅಷ್ಟು ದೂರ ಓದಿದವರು ಕಲ್ಲಬೆಂಗ್ರೆಯಲ್ಲಿ ಇರಲಿಲ್ಲ.

*

ಮೇ ತಿಂಗಳ ಒಂದು ಬೆಳಿಗ್ಗೆ ಡಬ್ಬಿಯ ಒತ್ತಡ ಏರುತ್ತ ಮುಳ್ಳು ಮುನ್ನೂರ ಇಪ್ಪತ್ತು ಮೀಟರನ್ನು ದಾಟಿತು. ಕಿಟಕಿಯ ಹಿಂದೆ ವಾಮನ ಸುತ್ತ ನೋಡುತ್ತಿದ್ದ, ನಿದ್ದೆಯಿಂದ ಎದ್ದು ಯಾರ ಮನೆಯಲ್ಲಿದ್ದೇನೆ ಎಂದು ತಿಳಿಯದವನ ಹಾಗೆ. ಯಶವಂತ ನೋಟ್‌ಬುಕ್ ತೆರೆದು ಓದತೊಡಗಿದ.

"ನಿಮ್ಮ ಹೆಸರು ವಾಮನ ಮೆಂಡನ್. ಊರು ಕಲ್ಲಬೆಂಗ್ರೆ. ಹೆಂಡತಿ ಗುಲಾಬಿ. ನಾನು ಅವಳ ತಮ್ಮ ಯಶವಂತ. ಹಗ್ಗ ನನ್ನ ಕೈಯಲ್ಲಿ ಉಂಟು."

"ಗೊತ್ತುಂಟು ಮಾರಾಯ," ವಾಮನ ನಕ್ಕ. "ನೀನು ಹೋದ ಸಲ ಓದಿದ್ದು ನೆನಪುಂಟು. ಅವಳ ಮುಖ ಮಾತ್ರ ಬರುದಿಲ್ಲ. ಫೋಟೋ ಹಿಡಿ."

ಯಶವಂತ ಗುಲಾಬಿಯ ಫೋಟೋವನ್ನು ಗಾಜಿಗೆ ಒತ್ತಿ ಹಿಡಿದ. ಪರಸ್ತ್ರೀಯನ್ನು ನೋಡುವ ಸಂಕೋಚದಿಂದ ವಾಮನ ಅದನ್ನು ನೋಡಿ, ಬೇಗ ಕಣ್ಣು ತೆಗೆದ. "ಒಳ್ಳೆ ಮುಖ," ಎಂದ. ಆಮೇಲೆ ಗಾಜಿನ ಹತ್ತಿರ ಬಂದು, ಪ್ರತಿ ಸಲ ಕೇಳುವುದನ್ನೇ ಕೇಳಿದ.

"ಯಶವಂತ, ಅದು ಸೆಳೆತವೇ ಅಲ್ವಾ?"

"ಹೌದು ಭಾವ. ಸೆಳೆತ."

ಆ ಪ್ರಶ್ನೆ ಹುಟ್ಟಿದ್ದು ಜನವರಿಯಲ್ಲಿ. ವಾಮನನ ಜೊತೆಗಾರ ಸುಧೀರ ಕಾಂಚನ್, ಅವನ ಹಗ್ಗ ಹಿಡಿಯುತ್ತಿದ್ದವನು ಹೆಂಡತಿ ಪ್ರೇಮಳ ಅಣ್ಣ ಜಗದೀಶ. ಆ ದಿನ ಜಗದೀಶನ ಮಗುವಿನ ನಾಮಕರಣ. ಹಡಗು ಬಿಟ್ಟು ಬರಲಾಗದು ಎಂದವನನ್ನು ಪ್ರೇಮಳೇ ಹಠ ಹಿಡಿದು ಕರೆಸಿಕೊಂಡಿದ್ದಳು. ಬದಲಿ ಜನ ಇರಲಿಲ್ಲ. ಒಂದೇ ಪಾಳಿ ತಾನೇ ಎಂದು ಮ್ಯಾನೇಜರು ಸುಧೀರನ ಮೈಕನ್ನೂ ಯಶವಂತನ ಮುಂದೆ ತಂದಿಟ್ಟರು. ಯಶವಂತ ಬೇಡ ಎನ್ನಬೇಕಿತ್ತು. ಒಂದು ಪಾಳಿಗೆ ಏನಾಗುತ್ತದೆ ಎಂದು ಸುಮ್ಮನಾದ.

ಮಧ್ಯಾಹ್ನ ಹನ್ನೆರಡಕ್ಕೆ ತಳದಲ್ಲಿ ಪೈಪೊಂದು ಜಾರಿ ಸುಧೀರನ ಕಾಲಿನ ಮೇಲೆ ಕೂತಿತು. ಅದೇ ಹೊಡೆತಕ್ಕೆ ಹಡಗಿನಿಂದ ಅನಿಲ ತರುವ ಕೊಳವೆ ಜಜ್ಜಿಹೋಯಿತು, ಸುಧೀರನ ಮಾತಿನ ತಂತಿ ತುಂಡಾಯಿತು. ವಾಮನ ಬೆಲ್ಲಿನೊಳಗೆ ಇದ್ದ. ಬೆಲ್ಲಿನ ಕಾಯ್ದಿಟ್ಟ ಅನಿಲ ಇಬ್ಬರಿಗೆ ಇಪ್ಪತ್ತು ನಿಮಿಷ, ಒಬ್ಬನಿಗೆ ನಲವತ್ತು. ಪೈಪನ್ನೂ ಬೆಲ್ಲನ್ನೂ ಎತ್ತುವ ವಿಂಚು ಕೆಟ್ಟಿದೆ, ಸರಿಮಾಡಲು ಮೂವತ್ತು ನಿಮಿಷ ಬೇಕು ಎಂದು ಮೆಕ್ಯಾನಿಕ್ಕು ಕೂಗಿ ಹೇಳಿದ. ಬೆಲ್ಲಿನಿಂದ ಸುಧೀರನಿಗೆ ಉಸಿರು ಕೊಡುವ ಕೊಳವೆಯ ವಾಲ್ವು ಇದ್ದದ್ದು ವಾಮನನ ಕೈಯಳತೆಯಲ್ಲಿ.

ಮುಳುಗುಗಾರರು ಕಂಪೆನಿಯ ತಂತಿಯನ್ನು ಪೂರಾ ನಂಬದೆ, ಇಬ್ಬರ ಮಣಿಕಟ್ಟಿನ ನಡುವೆ ಹಳೆಯ ಪದ್ಧತಿಯ ಜೋಡಿಹಗ್ಗ ಕಟ್ಟಿಕೊಳ್ಳುತ್ತಿದ್ದರು. ಆ ಹಗ್ಗ ಈಗ ವಾಮನನ ಬಲಗೈಯನ್ನು ಎಳೆಯುತ್ತಿತ್ತು.

"ಸುಧೀರ ಎಳೀತಾ ಇದ್ದಾನೆ," ಎಂದ ವಾಮನ. "ಎರಡೆರಡು ಸಲ. ಇದ್ದೇನೆ ಅಂತ ಹೇಳ್ತಾ ಇದ್ದಾನೆ."

ಹಡಗಿನ ಪರದೆಯ ಮೇಲೆ ಸುಧೀರನ ಎದೆಬಡಿತ ಓಡುತ್ತಿರುವುದು ಯಶವಂತನಿಗೆ ಚೆನ್ನಾಗಿ ಕಾಣುತ್ತಿತ್ತು. ನಿಮಿಷಕ್ಕೆ ನೂರ ಮೂವತ್ತು. ಅವನು ಒಂಬತ್ತು ನಿಮಿಷ ಲೆಕ್ಕ ಹಾಕಿದ. ಕಣ್ಣ ಮುಂದೆ ಬಂದದ್ದು ಸುಧೀರನಲ್ಲ, ವಾಮನನೂ ಅಲ್ಲ, ಅಕ್ಕನ ಬರಿಗತ್ತು.

"ಭಾವ, ಅದು ನೀರಿನ ಸೆಳೆತ. ಸುಧೀರ ಹೋಗಿ ಆಯ್ತು. ವಾಲ್ವು ಮುಚ್ಚಿ."

"ಸೆಳೆತ ಹೀಗೆ ಎಳೀತದಾ ಮಾರಾಯ?"

"ನನಗೆ ಇಲ್ಲಿ ಕಾಣ್ತದೆ. ಹೋಗಿ ಆಯ್ತು. ಮುಚ್ಚಿ ಭಾವ."

ವಾಮನ ಮುಚ್ಚಿದ. ಹಗ್ಗ ಇನ್ನೂ ನಾಲ್ಕು ನಿಮಿಷ ಎಳೆಯಿತು, ಆಮೇಲೆ ನಿಂತಿತು. ವಿಂಚು ಸರಿಯಾದದ್ದು ಮೂವತ್ತು ನಿಮಿಷಕ್ಕಲ್ಲ, ಹದಿನೆಂಟು ನಿಮಿಷಕ್ಕೆ. ಇಬ್ಬರೂ ಬದುಕಬಹುದಿತ್ತು. ಪೈಪು ಬಿದ್ದ ತಕ್ಷಣ ಸಾವು ಎಂದು ಕಂಪೆನಿಯ ವರದಿ ಬರೆಯಿತು, ಕೆಳಗೆ ಯಶವಂತ ಸಹಿ ಹಾಕಿದ. ಪರದೆಯ ದಾಖಲೆಯನ್ನು ಕಂಪೆನಿ ಅಳಿಸಿತು, ವಾಲ್ವಿನ ಸುದ್ದಿ ಹೊರಗೆ ಬರುವುದು ಅದಕ್ಕೂ ಬೇಕಿರಲಿಲ್ಲ. ಇದನ್ನೆಲ್ಲ ಕಂಡ ಒಬ್ಬನೇ ಸಾಕ್ಷಿ ಹದಿನೆಂಟು ದಿನದ ಮೇಲೆ ಡಬ್ಬಿಯಿಂದ ಹೊರಬಂದು, ಸುಧೀರ ಎಲ್ಲಿ ಎಂದು ಕೇಳಿದ. ಸತ್ತ ಎಂದು ತಿಳಿದಾಗ ಕೂತಲ್ಲೇ ಕುಸಿದು ಅತ್ತ.

*

ಆ ಮೇ ತಿಂಗಳ ಸರದಿ ಮುಗಿಸಿ ವಾಮನ ಮನೆಗೆ ಬಂದ ಮೇಲೆ ಮೂರು ತಿಂಗಳು ರಜೆ. ಮದುವೆಯಾಗಿ ಎಂಟು ವರ್ಷಕ್ಕೆ ಗುಲಾಬಿ ಬಸುರಿಯಾಗಿದ್ದಳು, ಆಗ ನಾಲ್ಕು ತಿಂಗಳು. ವಾಮನ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ, ಹುಳಿ ಮಾವಿನಕಾಯಿ ಹುಡುಕಿಕೊಂಡು ಪೇಟೆಯೆಲ್ಲ ಅಲೆಯುತ್ತಿದ್ದ. ಅವನ ನಗುವನ್ನು ಕಂಡಾಗ ಯಶವಂತನಿಗೆ, ತಾನು ಮಾಡಿದ್ದು ಸರಿ ಎನ್ನಿಸಿಬಿಡುತ್ತಿತ್ತು. ಅಕ್ಕನ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಹೋಗುತ್ತಿದ್ದ.

"ಒಂದು ವಿಷಯ ಗೊತ್ತುಂಟಾ ಯಶು," ಗುಲಾಬಿ ಒಂದು ದಿನ ಬಡಿಸುತ್ತ ಹೇಳಿದಳು. "ಇವರು ನಿದ್ದೆಯಲ್ಲಿ ಹಗ್ಗ ಎಳೀತಾರೆ. ನನ್ನ ಸೆರಗು ಹಿಡಿದುಕೊಂಡು ಎರಡು ಸಲ, ಮತ್ತೆ ಎರಡು ಸಲ. ಇದ್ದೇನೆ, ಇದ್ದೇನೆ ಅಂತ. ಎಚ್ಚರದಲ್ಲಿ ಒಂದು ಪ್ರೀತಿಯ ಮಾತು ಬಾರದ ಜನ, ನಿದ್ದೆಯಲ್ಲಾದರೂ ಹೇಳ್ತಾರಲ್ಲ."

 ಉಂಡಾದ ಮೇಲೆ ಯಶವಂತ ಜಗಲಿಗೆ ಹೋಗಿ ನೋಡಿದ. ವಾಮನ ಆರಾಮಕುರ್ಚಿಯಲ್ಲಿ ಮಲಗಿದ್ದ, ಬಲಗೈ ಹೆಗಲ ಮೇಲಿನ ಬೈರಾಸು ಟವಲಿನ ತುದಿಯನ್ನು ಹಿಡಿದಿತ್ತು. ಮೊದಲನೆಯ ಎಳೆತ ಗಟ್ಟಿ. ಎರಡನೆಯದು ತುಸು ತಡವಾಗಿ, ಸಡಿಲವಾಗಿ, ಬೆರಳು ಜಾರಿದ ಹಾಗೆ. ವಾಮನನ ಎಳೆತ ಹಾಗಿರಲಿಲ್ಲ. ಹಾಗೆ ಎಳೆಯುತ್ತಿದ್ದವನು ಬಂದರಿನ ವಿಂಚಿಗೆ ಸಿಕ್ಕಿ ತೋರುಬೆರಳು ಅರ್ಧ ಕಳೆದುಕೊಂಡಿದ್ದ ಸುಧೀರ.

ಮರುದಿನವೇ ಅವನು ಕಂಪೆನಿಯ ಡಾಕ್ಟರ್ ಬೆಳ್ಳಿಯಪ್ಪನವರ ಮುಂದೆ ಕುಳಿತ. ಯಾರದೋ ವಿಷಯ ಎಂಬಂತೆ ಕೇಳಿದ.

"ಸ್ಥಿರ ಮುಟ್ಟುವುದು ಕಥೆಯ ನೆನಪನ್ನು," ಎಂದರು ಡಾಕ್ಟರು. "ಯಾರು, ಯಾವಾಗ, ಏನಾಯಿತು ಅನ್ನುವುದನ್ನು. ಕೈ ಕಲಿತದ್ದು ಹಿಮ್ಮೆದುಳಲ್ಲಿರುತ್ತೆ, ಅದಕ್ಕೆ ಒತ್ತಡದ ಬೀಗ ಬೀಳಲ್ಲ. ಅದಕ್ಕೇ ನೋಡಿ, ಕೆಳಗೆ ಕಲಿತ ಕೆಲಸ ಮೇಲೂ ಮರೆಯಲ್ಲ. ಯಾಕೆ, ಯಾರಿಗಾದರೂ ಏನಾದರೂ ತೊಂದರೆಯಾ?"

"ಇಲ್ಲ ಸರ್, ಸುಮ್ನೆ ಕೇಳಿದೆ."

"ಉದ್ದ ಸರದಿಯಲ್ಲಿ ನನಗೆ ಭಯ ಇರೋದು ಮೂಳೆಯದು. ರಕ್ತ ಹೋಗದೆ ಸೊಂಟದ ಕೀಲು ಒಳಗೊಳಗೇ ಸಾಯುತ್ತೆ. ತೊಂಬತ್ತು ದಿನ ದಾಟಿದವರನ್ನು ಜೀವಸಹಿತ ಮೇಲೆ ತರಬಹುದು ಅಂತ ನಾನು ಬರೆದುಕೊಡಲಾರೆ."

ಯಶವಂತ ಅಷ್ಟು ಕೇಳಿಸಿಕೊಳ್ಳಲಿಲ್ಲ. ಕೈಗೆ ಬೀಗವಿಲ್ಲ ಎಂಬ ಮಾತಿನಲ್ಲೇ ಅವನ ಜೀವ ಸಿಕ್ಕಿಕೊಂಡಿತ್ತು.

*

ಪ್ರೇಮ ಬಂದದ್ದು ಒಂದು ಶನಿವಾರ ಮಧ್ಯಾಹ್ನ, ಬಸುರಿಗೆ ಬಾಯಿ ರುಚಿಯಾಗಲಿ ಎಂದು ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿಕೊಂಡು. ಮದುವೆಗೆ ಮೊದಲು ಅಪ್ಪನ ಪಚ್ಚಿಲೆ ದೋಣಿಯಲ್ಲಿ ಹಗ್ಗ ಸುತ್ತುತ್ತ ಬೆಳೆದವಳು ಅವಳು. ಮೂವತ್ತು ತುಂಬಿರಲಿಲ್ಲ. ಸತ್ತವನ ಜಾಗದಲ್ಲಿ ಮನೆಯವರೊಬ್ಬರಿಗೆ ಕೆಲಸ ಕೊಡುತ್ತೇವೆ ಎಂದು ಕಂಪೆನಿ ಬರೆದ ಕಾಗದ ಏಳು ತಿಂಗಳಿಂದ ಅವಳ ಪೆಟ್ಟಿಗೆಯಲ್ಲೇ ಇತ್ತು.

ಗುಲಾಬಿ ಪಾತ್ರೆ ತೆಗೆದುಕೊಂಡು ಒಳಗೆ ಹೋದಳು. ಜಗಲಿಯಲ್ಲಿ ವಾಮನ ನಿದ್ದೆಯಲ್ಲಿದ್ದ, ಯಶವಂತ ಪೇಪರ್ ಓದುತ್ತಿದ್ದ. ಬೈರಾಸು ಎರಡು ಸಲ ಅಲ್ಲಾಡಿತು. ಪ್ರೇಮ ನಿಂತಲ್ಲೇ ನಿಂತಳು. ಮತ್ತೆ ಎರಡು ಸಲ. ಅವಳು ನಿಧಾನವಾಗಿ ಕುರ್ಚಿಯ ಪಕ್ಕ ಕೂತು, ಬೈರಾಸಿನ ಇನ್ನೊಂದು ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಒಮ್ಮೆ ಎಳೆದಳು.

ಮಲಗಿದವನ ಕೈ ಉತ್ತರ ಕೊಟ್ಟಿತು. ಒಂದು ಗಟ್ಟಿ, ಒಂದು ಜಾರಿದ್ದು.

ಅವಳು ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಉತ್ತರ ಬಂತು. ಅವಳ ಗಂಡ ಅವಳಿಗೆ ಇದ್ದೇನೆ ಎಂದ, ಏಳು ತಿಂಗಳ ಮೇಲೆ, ಬೇರೆಯವನ ಕೈಯಿಂದ. ಮೂರನೆಯ ಸಲವೂ ಕೇಳಿದಳು. ಆಮೇಲೆ ತುದಿಯನ್ನು ಮಡಚಿ ವಾಮನನ ಹೊಟ್ಟೆಯ ಮೇಲಿಟ್ಟು ಎದ್ದಳು. ಯಶವಂತ ಅವಳ ಹಿಂದೆಯೇ ಗೇಟಿನವರೆಗೆ ಹೋದ.

"ಅದು ನರದ್ದು ಪ್ರೇಮ. ಡಾಕ್ಟರ್ ಹೇಳಿದ್ದಾರೆ."

"ಪೈಪು ಬಿದ್ದ ಕೂಡ್ಲೆ ಹೋದ್ರು ಅಂತ ಹೇಳಿದ್ದು ನೀವೇ ಅಲ್ವಾ ಯಶವಂತಣ್ಣ?"

"ಹೌದು."

"ಒಂದೆರಡು ಸಲ ಎಳೆದರೆ ಇನ್ನೊಬ್ಬರ ಕೈಗೆ ಅದು ಕೂರುದಿಲ್ಲ. ನನಗೂ ಗೊತ್ತು, ನಿಮಗೂ ಗೊತ್ತು. ಎಷ್ಟು ಹೊತ್ತು ಎಳೆದ್ರು?"

ಯಶವಂತ ಜಗಲಿಯ ಕಡೆಗೆ ತಿರುಗಿ ನೋಡಿದ.

"ಅವತ್ತು ಎರಡು ಹಗ್ಗವೂ ನಿಮ್ಮ ಕೈಯಲ್ಲೇ ಇತ್ತು. ನಾಮಕರಣಕ್ಕೆ ಬಾ ಅಂತ ಜಗದೀಶಣ್ಣನಿಗೆ ಫೋನ್ ಮಾಡಿದ್ದು ನಾನು." ಅವಳು ಗೇಟು ತೆಗೆದಳು. "ಅಕ್ಕನಿಗೆ ಹೇಳಿ, ಪಾತ್ರೆ ನಿಧಾನಕ್ಕೆ ಕೊಟ್ರೆ ಸಾಕು."

ಪೊಲೀಸರು ಬರುತ್ತಾರೆ ಎಂದು ಯಶವಂತ ಹದಿನೈದು ದಿನ ಕಾದ. ಬಂದದ್ದು ಪೊಲೀಸರಲ್ಲ, ಸುದ್ದಿ. ಪ್ರೇಮ ಕಂಪೆನಿಯ ಕಾಗದಕ್ಕೆ ಉತ್ತರ ಬರೆದಿದ್ದಳು. ನಿಯಂತ್ರಣ ಕೋಣೆಯ ಕೆಲಸವೇ ಬೇಕೆಂದು ಕೇಳಿ ತರಬೇತಿಗೆ ಸೇರಿದ್ದಳು.

*

ಸೆಪ್ಟೆಂಬರಿನಲ್ಲಿ ವಾಮನ ಮತ್ತೆ ಡಬ್ಬಿಗೆ ಹೋದ. ಗುಲಾಬಿಗೆ ಆಗ ಏಳನೇ ತಿಂಗಳು. "ಇಪ್ಪತ್ತೆಂಟು, ಮತ್ತೆ ಹದಿನೆಂಟು. ಹೆರಿಗೆಗೆ ಮೊದಲು ಬಾಗಿಲಲ್ಲಿ ನಿಂತಿರ್ತೇನೆ ನೋಡು," ಎಂದು ಬೆರಳು ಮಡಚಿ ಲೆಕ್ಕ ತೋರಿಸಿ ಹೋಗಿದ್ದ. ಯಶವಂತ ತಡೆಯಬಹುದಿತ್ತು. ಯಾಕೆ ಎಂದು ಕೇಳಿದರೆ ಹೇಳಲು ಕಾರಣ ಬೇಕಿತ್ತು.

ಹಗಲಿನ ಪಾಳಿ ಪ್ರೇಮಳದು, ಉಳಿದದ್ದು ಯಶವಂತನದು. ಜಗದೀಶನ ಕುರ್ಚಿಯಲ್ಲಿ ಅವಳು ಬೆನ್ನು ನೇರಮಾಡಿ ಕೂರುತ್ತಿದ್ದಳು, ಊಟಕ್ಕೂ ಏಳುತ್ತಿರಲಿಲ್ಲ. ಇಷ್ಟು ಎಚ್ಚರದ ಕೆಲಸಗಾರರು ಸಿಕ್ಕಿದ್ದು ಪುಣ್ಯ ಎಂದು ಮ್ಯಾನೇಜರು ಹೊಗಳಿದರು. ತಾನು ಸುಧೀರನ ಹೆಂಡತಿ ಎಂದು ಅವಳು ಹೇಳಿದ ದಿನ ಕೆಳಗಿನ ವಾಮನ ಬಹಳ ಹೊತ್ತು ಅತ್ತನಂತೆ. ಯಶವಂತ ಅಂದ ಮಾತು, ತಾನು ಮುಚ್ಚಿದ ವಾಲ್ವು ಎಲ್ಲವನ್ನೂ ಹೇಳಿ, ಸೆಳೆತದ ಪ್ರಶ್ನೆಯನ್ನು ಅವಳಿಗೂ ಕೇಳಿದನಂತೆ. "ಅದನ್ನು ನಾನು ಹೇಳುದಲ್ಲ, ಅವತ್ತು ಹಗ್ಗ ಹಿಡಿದವರೇ ಹೇಳ್ಬೇಕು," ಎಂದಳಂತೆ ಅವಳು. ಇದನ್ನು ಯಶವಂತನಿಗೆ ಹೇಳಿದವನು ವಾಮನನೇ. ಹೇಳಿ, ಮತ್ತೆ ಅದನ್ನೇ ಕೇಳಿದ. ಸೆಳೆತ ಭಾವ, ಎಂದ ಯಶವಂತ.

ಇಪ್ಪತ್ತೇಳನೆಯ ದಿನ ಸಂಜೆ ನಾಲ್ಕಕ್ಕೆ ಯಶವಂತ ಪಾಳಿ ಬದಲಿಸಲು ಬಂದಾಗ, ಸ್ಪೀಕರಿನಿಂದ ವಾಮನನ ದನಿ ಬರುತ್ತಿತ್ತು. ಯಂತ್ರ ತಿದ್ದಿದ ದನಿಯಲ್ಲಿ ಅಳು ಎಲ್ಲಿ, ಮಾತು ಎಲ್ಲಿ ಎಂದು ತಿಳಿಯುವುದು ಕಷ್ಟ.

"ಹೆರಿಗೆಯಲ್ಲಾ?"

"ಹೂಂ. ಏಳು ತಿಂಗಳಿಗೇ ನೋವು ಬಂತು," ಎಂದಳು ಪ್ರೇಮ ಮೈಕಿಗೆ. "ಗುಲಾಬಿ ಹೋಗಿ ಆಯ್ತು."

ಯಶವಂತನ ಕೈಯಿಂದ ಊಟದ ಡಬ್ಬ ಬಿತ್ತು. ಜನವರಿಯಲ್ಲಿ ತಾನು ಆಡಿದ ಅದೇ ಮಾತು, ಅಕ್ಷರಕ್ಕೆ ಅಕ್ಷರ. ಅವಳು ಮೈಕಿನ ಗುಂಡಿ ಆರಿಸಿ ತಿರುಗಿದಳು.

"ಏನಿದು ಪ್ರೇಮ? ಅಕ್ಕ ಮನೆಯಲ್ಲಿ ಚೆನ್ನಾಗಿದ್ದಾಳೆ."

"ಚೆನ್ನಾಗಿರಲಿ. ನಾನೂ ಚೆನ್ನಾಗಿದ್ದೇನಲ್ಲ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ನಾಳೆ ವಿಸ್ತರಣೆ ಕೇಳ್ತಾರೆ. ಮೇಲೆ ಯಾರೂ ಇಲ್ಲದವ ಹೂಂ ಅಂತಾನೆ. ಆಮೇಲೆ ಇನ್ನೊಂದು ಇಪ್ಪತ್ತೆಂಟು, ಮತ್ತೊಂದು. ತೊಂಬತ್ತು ದಾಟಿದ ಮೇಲೆ ಡಾಕ್ಟರೇ ಮೇಲೆ ಬಿಡುದಿಲ್ಲ, ಕೇಳುವ ಅಗತ್ಯವೂ ಇಲ್ಲ."

"ಅವರು ಎಂತ ಮಾಡಿದ್ದಾರೆ ನಿನಗೆ? ಮಾಡಿದ್ದು ನಾನು."

"ಗೊತ್ತುಂಟು. ನನ್ನ ಗಂಡ ಸತ್ತದ್ದು ನಿಮ್ಮ ಅಕ್ಕನ ಕರಿಮಣಿಗೋಸ್ಕರ. ಹಾಗಿರುವಾಗ ಆ ಕರಿಮಣಿಯನ್ನು ನಾನು ಸುಮ್ನೆ ಬಿಡುದು ಹೇಗೆ?" ಅವಳು ಮೈಕನ್ನು ಅವನ ಕಡೆಗೆ ತಿರುಗಿಸಿದಳು. "ಒಂದು ದಾರಿ ಉಂಟು. ನೀವೇ ಹೇಳಿ. ಗ್ರಹಚಾರಕ್ಕೆ ಪ್ರೇಮ ಸುಳ್ಳು ಹೇಳಿದ್ಲು, ಗುಲಾಬಿ ಇದ್ದಾಳೆ ಅಂತ ಹೇಳಿ. ಹಾಗೇ ಅದು ಸೆಳೆತ ಅಲ್ಲ, ಸುಧೀರ ಬದುಕಿದ್ದ, ನಾನು ಸುಳ್ಳು ಹೇಳಿ ನಿಮ್ಮ ಕೈಯಿಂದ ವಾಲ್ವು ಮುಚ್ಚಿಸಿದೆ ಅಂತಲೂ ಹೇಳಿ. ಎರಡೂ ಹೇಳ್ಬೇಕು. ಹೇಳಿದ್ರೆ ಈ ಕುರ್ಚಿಯಿಂದ ಇವತ್ತೇ ಏಳ್ತೇನೆ. ಒಂದೇ ಹೇಳಿದ್ರೆ ಇನ್ನೊಂದನ್ನು ನಾನು ಹೇಳ್ತೇನೆ."

ಅವಳು ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು.

"ಯಶವಂತ ಬಂದಿದ್ದಾನಾ?" ವಾಮನನ ದನಿ. "ಯಶವಂತ, ನಿಜವಾ? ಗುಲಾಬಿ ಹೋದಳಾ?"

ಯಶವಂತ ಮೈಕಿನ ಮುಂದೆ ಕೂತ. ಸತ್ಯ ಹೇಳಿದರೆ ವಾಮನ ಕೆಳಗೆ ಹೆಲ್ಮೆಟ್ ಬಿಚ್ಚಿಬಿಟ್ಟಾನು, ಬದುಕಿದ್ದ ಗೆಳೆಯನ ಉಸಿರು ನಿಲ್ಲಿಸಿದವನಿಗೆ ಆ ನೀರಿನಲ್ಲಿ ಸಾಯಲು ಎರಡು ಕ್ಷಣ ಸಾಕು ಎಂದು ತನಗೆ ತಾನೇ ಹೇಳಿಕೊಂಡ. ಹೆರಿಗೆಯಾಗಲಿ, ಅಕ್ಕ ಎದ್ದು ಕೂರಲಿ, ಆಮೇಲೆ ಎಲ್ಲರ ಮುಂದೆ ಹೇಳಿಬಿಡುತ್ತೇನೆ, ತೊಂಬತ್ತು ದಿನಕ್ಕೆ ಇನ್ನೂ ಎರಡು ತಿಂಗಳಿದೆ ಎಂದೂ ಹೇಳಿಕೊಂಡ. ಇದು ಕಾಳಜಿಯಲ್ಲ, ಹೇಡಿತನ. ಇದ್ದ ಹೆದರಿಕೆ ಒಂದೇ, ಭಾವ ತನ್ನನ್ನು ಕೊಲೆಗಾರ ಎಂದು ತಿಳಿದುಬಿಡುತ್ತಾನಲ್ಲ ಎಂಬುದು. ಇಡೀ ಲೋಕದಲ್ಲಿ ಆ ಮೈಕಿನ ಆಚೆಗಿನ ಒಬ್ಬ ಮನುಷ್ಯ ಅವನನ್ನು ಪೂರ್ತಿ ನಂಬಿದ್ದ.

"ಹೌದು ಭಾವ," ಎಂದ.

 ವಾಮನ ಹೇಳಿದ, "ನೀನು ಹೇಳಿದ ಮೇಲೆ ಆಯ್ತು ಮಾರಾಯ. ಮುಖವೇ ನೆನಪಿಲ್ಲ ನೋಡು, ಅಳ್ಲಿಕ್ಕೂ ಸರಿಯಾಗಿ ಆಗುದಿಲ್ಲ. ಆ ಫೋಟೋ ಒಮ್ಮೆ ಹಿಡೀತೀಯಾ?"

ಯಶವಂತ ಫೋಟೋ ಹುಡುಕಿದ. ನೋಟ್‌ಬುಕ್ಕಿನಲ್ಲಿ ಅದು ಇರಲಿಲ್ಲ. ಪ್ರೇಮ ತನ್ನ ಚೀಲ ಹೆಗಲಿಗೆ ಹಾಕಿಕೊಂಡು, ನೆಲದ ಮೇಲೆ ಚೆಲ್ಲಿದ ಅನ್ನವನ್ನು ದಾಟಿಕೊಂಡು ಹೊರಗೆ ಹೋದಳು.

*

ಹಡಗಿನಿಂದ ರಜೆ ಸಿಕ್ಕ ದಿನ ಯಶವಂತ ಅಕ್ಕನ ಮನೆಗೆ ಹೋದ. ಗುಲಾಬಿ ಜಗಲಿಯಲ್ಲಿ ಕಾಲು ಚಾಚಿ ಕೂತು, ಹಳೆಯ ಸೀರೆಯನ್ನು ಹರಿದು ಮಗುವಿಗೆ ಬಟ್ಟೆ ಹೊಲಿಯುತ್ತಿದ್ದಳು. ಆರಾಮಕುರ್ಚಿಯ ಮೇಲೆ ವಾಮನನ ಬೈರಾಸು ಒಗೆದು ಮಡಚಿಟ್ಟಿತ್ತು.

"ಇವತ್ತಿಂದ ಹದಿನೆಂಟು ದಿನ ಅಲ್ವಾ?"

"ಇಲ್ಲ ಅಕ್ಕ. ಇನ್ನೊಂದು ಸರದಿ ಮುಂದುವರಿಸಿದ್ದಾರೆ. ಭಾವನೇ ಹೂಂ ಅಂದ್ರಂತೆ."

ಗುಲಾಬಿಯ ಸೂಜಿ ನಿಂತಿತು. ಅವಳು ಕಡಲಿನ ಕಡೆಗೆ ನೋಡಿದಳು. ಕಣ್ಣು ತುಂಬಿತ್ತು, ಆದರೆ ಬಸುರಿ ಅಳಬಾರದು ಎಂದು ಯಾರೋ ಹೇಳಿದ್ದನ್ನು ಪಾಲಿಸುತ್ತಿದ್ದಳು.

"ಕೆಳಗೆ ಹೋದ್ರೆ ಅವರಿಗೆ ನಾನು ನೆನಪಿಲ್ಲ, ಗೊತ್ತುಂಟು ನನಗೆ. ಅವರನ್ನು ಬೈದು ಪ್ರಯೋಜನ ಇಲ್ಲ. ಯಾರಾದ್ರೂ ನೆನಪು ಮಾಡ್ತಾ ಇರ್ಬೇಕು. ನೀನು ಇಲ್ಲಿ ಬಂದು ಕೂತಿದ್ದೀಯಲ್ಲ ಯಶು, ಈಗ ಅವರ ಹಗ್ಗ ಯಾರ ಕೈಯಲ್ಲಿ ಉಂಟು?"

 ಯಶವಂತ ಈಗಲಾದರೂ ಹೇಳಬಹುದಿತ್ತು. ಬಾಯಿ ತೆರೆದ.

"ಪ್ರೇಮನ ಕೈಯಲ್ಲಿ," ಎಂದ.

ಗುಲಾಬಿಯ ಮುಖ ಸಡಿಲವಾಯಿತು. ಅವಳು ಉಸಿರು ಬಿಟ್ಟು, ಮಗುವಿನ ಬಟ್ಟೆಯನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡಳು.

"ಪ್ರೇಮನಾ? ಹಾಗಾದ್ರೆ ಹೆದರಿಕೆ ಇಲ್ಲ," ಎಂದಳು. "ಅವಳು ಕೈ ಬಿಡುವವಳಲ್ಲ."